ದೂರದ ರೋಗ, ಹತ್ತಿರದ ದಿಗಿಲು

2014ರ ಅಕ್ಟೋಬರ್. ಅಮೆರಿಕದ ಮಿಸಿಸಿಪ್ಪಿ ರಾಜ್ಯದ ಹೇಜಲ್‌ಹರ್ಸ್ಟ್ ಎಂಬ ಸಣ್ಣ ಊರಿನಲ್ಲಿ ತಂದೆತಾಯಂದಿರು ಒಬ್ಬರ ಹಿಂದೊಬ್ಬರು ಶಾಲೆಗೆ ಬಂದು ಮಕ್ಕಳನ್ನು ಮನೆಗೆ ಕರೆದೊಯ್ದರು. ಆ ಶಾಲೆಯ ಮುಖ್ಯೋಪಾಧ್ಯಾಯರು ಸಹೋದರನ ಅಂತ್ಯಕ್ರಿಯೆಗೆಂದು ಜಾಂಬಿಯಾಕ್ಕೆ ಹೋಗಿಬಂದಿದ್ದರು. ಕಾರಣ ಇಷ್ಟೇ. ಆಗ ಎಬೋಲಾ ಹಬ್ಬಿದ್ದುದು ಪಶ್ಚಿಮ ಆಫ್ರಿಕಾದ ಗಿನಿ, ಲೈಬೀರಿಯಾ, ಸಿಯೆರಾ ಲಿಯೋನ್ ದೇಶಗಳಲ್ಲಿ. ಜಾಂಬಿಯಾ ಅಲ್ಲಿಂದ ಸುಮಾರು ಐದು ಸಾವಿರ ಕಿಲೋಮೀಟರ್ ದೂರ, ಅಂದರೆ ಬೆಂಗಳೂರು–ದೆಹಲಿ ವಿಮಾನದಾರಿಯ ಹತ್ತಿರಹತ್ತಿರ ಮೂರರಷ್ಟು. ಅಲ್ಲಿ ಒಬ್ಬನೇ ಒಬ್ಬ ಎಬೋಲಾ ರೋಗಿ ಇರಲಿಲ್ಲ.

ಆ ತಂದೆತಾಯಂದಿರನ್ನು ದಡ್ಡರೆಂದು ತಳ್ಳಿಹಾಕಿದರೆ ನಾವು ಏನನ್ನೂ ಕಲಿತಂತಾಗುವುದಿಲ್ಲ. ಭೂಪಟದಲ್ಲಿ ಆಫ್ರಿಕಾ ಐವತ್ತಕ್ಕೂ ಹೆಚ್ಚು ದೇಶಗಳ ಖಂಡ. ಅವರ ಮನಸ್ಸಿನಲ್ಲಿ ಅದು ಒಂದೇ ಅಂಕಣದ ಮನೆ. ಒಂದು ಮೂಲೆಯಲ್ಲಿ ಹೊಗೆ ಎದ್ದರೆ ಮನೆಯೆಲ್ಲ ಹೊಗೆ. ಅದೇ ವರ್ಷ ಕೀನ್ಯಾ, ತಾಂಜಾನಿಯಾಗಳ ವನ್ಯಧಾಮಗಳಿಗೆ ಬರಬೇಕಿದ್ದ ಎಷ್ಟೋ ಪ್ರವಾಸಿಗರು ಟಿಕೆಟ್ ರದ್ದು ಮಾಡಿದರು. ಅಳೆದು ನೋಡಿದರೆ ರೋಗದ ಊರುಗಳಿಗೆ ಕೀನ್ಯಾದ ನೈರೋಬಿಗಿಂತ ಸ್ಪೇನಿನ ಮ್ಯಾಡ್ರಿಡ್ ಹತ್ತಿರ. ಮ್ಯಾಡ್ರಿಡ್‌ನಲ್ಲಿ ಒಬ್ಬ ನರ್ಸ್‌ಗೆ ಎಬೋಲಾ ತಗುಲಿಯೂ ಇತ್ತು. ಕೀನ್ಯಾದಲ್ಲಿ ಯಾರಿಗೂ ತಗುಲಿರಲಿಲ್ಲ. ಆದರೂ ಜನ ಹೆದರಿದ್ದು ನೈರೋಬಿಗೆ.

ಮನುಷ್ಯರು ಅಪಾಯವನ್ನು ಹೇಗೆ ತೂಗುತ್ತಾರೆ ಎಂಬುದನ್ನು ಜೀವನವಿಡೀ ಅಭ್ಯಸಿಸಿದ ಮನೋವಿಜ್ಞಾನಿ ಪಾಲ್ ಸ್ಲೋವಿಕ್. 1987ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಅವರ ಲೇಖನ ಇಂದಿಗೂ ಈ ವಿಷಯದ ಬುನಾದಿ. ಪರಿಣತರು ಅಪಾಯವನ್ನು ಹೆಚ್ಚಾಗಿ ಸಾವಿನ ಲೆಕ್ಕದಲ್ಲಿ ಅಳೆಯುತ್ತಾರೆ. ಸಾಮಾನ್ಯರ ತಕ್ಕಡಿಯಲ್ಲಿ ಬೇರೆ ಎರಡು ಬಟ್ಟುಗಳಿರುತ್ತವೆ. ಒಂದು, ಅದು ಎಷ್ಟು ಘೋರ, ನಮ್ಮ ಹಿಡಿತಕ್ಕೆ ಸಿಗುವಂಥದ್ದೇ ಎಂಬುದು. ಇನ್ನೊಂದು, ಅದು ಎಷ್ಟು ಹೊಸದು, ಕಣ್ಣಿಗೆ ಕಾಣುವಂಥದ್ದೇ ಎಂಬುದು. ಎಬೋಲಾ ಎರಡರಲ್ಲೂ ಭಾರ. ತಗುಲಿದವರಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಜನ ಸಾಯುತ್ತಾರೆ, ಹೆಸರೇ ಅಪರಿಚಿತ, ರೋಗಾಣು ಕಾಣದು. ಅಮೆರಿಕದಲ್ಲಿ ಫ್ಲೂ ಜ್ವರ ಪ್ರತಿ ಚಳಿಗಾಲ ಸಾವಿರಾರು ಜನರನ್ನು ಕೊಲ್ಲುತ್ತದೆ. ಅದು ಮನೆಗೆ ಬಂದುಹೋಗುವ ನೆಂಟನಂತೆ ಪರಿಚಿತ, ಹಾಗಾಗಿ ಅದರ ಲಸಿಕೆಯನ್ನೂ ಹಾಕಿಸಿಕೊಳ್ಳದವರು ಬಹಳ.

ಇದಕ್ಕೆ ಟಿವಿ ಸೇರಿತು. ಯಾವುದು ಥಟ್ಟನೆ ನೆನಪಿಗೆ ಬರುತ್ತದೋ ಅದು ಹೆಚ್ಚು ನಡೆಯುತ್ತದೆ ಎಂದು ಮನಸ್ಸು ನಂಬಿಬಿಡುತ್ತದೆ ಎಂದು ಅಮೋಸ್ ಟ್ವರ್ಸ್ಕಿ ಮತ್ತು ಡೇನಿಯಲ್ ಕಾಹ್ನೆಮನ್ 1973ರಲ್ಲೇ ತೋರಿಸಿಕೊಟ್ಟಿದ್ದರು. ಮೈಯೆಲ್ಲ ಮುಚ್ಚಿದ ಬಿಳಿ ಉಡುಪಿನವರು ಸ್ಟ್ರೆಚರ್ ಸಾಗಿಸುವ ದೃಶ್ಯ ದಿನಕ್ಕೆ ಹತ್ತು ಸಲ ಮನೆಯ ಪರದೆಯ ಮೇಲೆ ಬಂದರೆ, ರೋಗ ಬೀದಿಯ ತುದಿಗೇ ಬಂದಂತೆ. 2014ರ ಆಗಸ್ಟ್‌ನಲ್ಲಿ ಹಾರ್ವರ್ಡ್ ಸಾರ್ವಜನಿಕ ಆರೋಗ್ಯ ಶಾಲೆ ಮಾಡಿದ ಸಮೀಕ್ಷೆಯಲ್ಲಿ ಅಮೆರಿಕನ್ನರ ಪೈಕಿ ಶೇ 26ರಷ್ಟು ಜನ, ಒಂದು ವರ್ಷದೊಳಗೆ ತಮಗೋ ಮನೆಯವರಿಗೋ ಎಬೋಲಾ ಬರಬಹುದೆಂಬ ಆತಂಕ ತೋಡಿಕೊಂಡರು. ಆ ಇಡೀ ಪಿಡುಗಿನ ಕಾಲದಲ್ಲಿ ಅಮೆರಿಕದ ನೆಲದಲ್ಲಿ ಚಿಕಿತ್ಸೆ ಪಡೆದ ಎಬೋಲಾ ರೋಗಿಗಳು 11 ಮಂದಿ. ತೀರಿಕೊಂಡವರು ಇಬ್ಬರು. ಪಶ್ಚಿಮ ಆಫ್ರಿಕಾದಲ್ಲಿ 28,000ಕ್ಕೂ ಹೆಚ್ಚು ಜನರಿಗೆ ತಗುಲಿ, 11,000ಕ್ಕೂ ಹೆಚ್ಚು ಜನ ಸತ್ತರು.

ಇಲ್ಲಿ ರೋಗದ ನಡೆಯನ್ನೇ ಸ್ವಲ್ಪ ನಿಂತು ನೋಡಬೇಕು. ಯಾಕೆಂದರೆ ಭಯಕ್ಕೆ ಮದ್ದು ಬರೀ ಧೈರ್ಯದ ಮಾತಲ್ಲ, ರೋಗ ಹರಡುವ ಬಗೆಯ ತಿಳಿವಳಿಕೆ. ಲೈಬೀರಿಯಾದಿಂದ ಟೆಕ್ಸಾಸ್‌ನ ಡಲ್ಲಾಸ್ ನಗರಕ್ಕೆ ಬಂದ ಥಾಮಸ್ ಎರಿಕ್ ಡಂಕನ್ ಜ್ವರವೆಂದು ಆಸ್ಪತ್ರೆಗೆ ಹೋದಾಗ, ಮೊದಲ ಸಲ ಮಾತ್ರೆ ಕೊಟ್ಟು ಮನೆಗೆ ಕಳಿಸಿದರು. ಕೆಲವು ದಿನ ಅವರು ಜ್ವರದಲ್ಲೇ ಮನೆಯವರ ಜೊತೆ ಒಂದೇ ಸೂರಿನಡಿ ಇದ್ದರು. ಸೆಪ್ಟೆಂಬರ್ 30ರಂದು ಎಬೋಲಾ ಎಂದು ಖಚಿತವಾಯಿತು, ಅಕ್ಟೋಬರ್ 8ರಂದು ತೀರಿಕೊಂಡರು. ಆ ಮನೆಯಲ್ಲಿದ್ದ ಯಾರಿಗೂ ರೋಗ ತಗುಲಲಿಲ್ಲ. ತಗುಲಿದ್ದು ಆಸ್ಪತ್ರೆಯಲ್ಲಿ ಅವರ ಆರೈಕೆ ಮಾಡಿದ ಇಬ್ಬರು ನರ್ಸ್‌ಗಳಿಗೆ. ಇಬ್ಬರೂ ಗುಣವಾದರು.

ಮೇಲ್ನೋಟಕ್ಕೆ ಇದು ತಿರುಗುಮುರುಗು. ಒಳಗೆ ಲೆಕ್ಕ ಸರಿಯಿದೆ. ಎಬೋಲಾ ಗಾಳಿಯಲ್ಲಿ ತೇಲಿ ಬರುವುದಿಲ್ಲ. ರಕ್ತ, ವಾಂತಿ, ಭೇದಿಯಂಥ ದ್ರವಗಳನ್ನು ಮುಟ್ಟಿದವರಿಗೆ ಬರುತ್ತದೆ. ಜ್ವರ ಕಾಣುವ ಮೊದಲು ಹರಡುವುದಿಲ್ಲ. ರೋಗ ಬಲಿತಂತೆಲ್ಲ ಮೈಯಲ್ಲಿ ವೈರಸ್ ಹೆಚ್ಚುತ್ತ ಹೋಗಿ, ಸಾವಿನ ಹೊತ್ತಿಗೆ ತುತ್ತತುದಿ ಮುಟ್ಟುತ್ತದೆ. ಹೀಗಾಗಿ ಅಪಾಯಕ್ಕೆ ಸಿಕ್ಕುವವರು ಕೊನೆಯ ಗಳಿಗೆಯಲ್ಲಿ ಜೊತೆಗಿದ್ದು ಮೈ ಒರೆಸುವವರು, ಹೆಣಕ್ಕೆ ಸ್ನಾನ ಮಾಡಿಸುವವರು. ಒಬ್ಬ ದಡಾರದ ರೋಗಿಯಿಂದ ಲಸಿಕೆಯಿಲ್ಲದ ಹನ್ನೆರಡಕ್ಕೂ ಹೆಚ್ಚು ಮಂದಿಗೆ ರೋಗ ದಾಟಬಲ್ಲುದು. ಎಬೋಲಾ ಸಾಮಾನ್ಯವಾಗಿ ಇಬ್ಬರಿಗೆ ದಾಟಿದರೆ ಹೆಚ್ಚು. ಪ್ರೀತಿಯಿಂದ ಹತ್ತಿರ ಹೋದವರನ್ನೇ ಹಿಡಿಯುವ ಈ ರೋಗ ಪಶ್ಚಿಮ ಆಫ್ರಿಕಾದಲ್ಲಿ ಐನೂರಕ್ಕೂ ಹೆಚ್ಚು ಆರೋಗ್ಯ ಕಾರ್ಯಕರ್ತರನ್ನು ಬಲಿ ತೆಗೆದುಕೊಂಡಿತು. ಬಸ್ಸಿನಲ್ಲಿ ಪಕ್ಕ ಕೂತವರಿಗಲ್ಲ, ಇವರಿಗಾಗಿ ಜಗತ್ತು ಹೆದರಬೇಕಿತ್ತು.

ಹಾಗೆಂದು ಜನರ ಅಂಜಿಕೆ ಬರೀ ತಿಳಿಗೇಡಿತನವೂ ಅಲ್ಲ. ನಮ್ಮ ಆಸ್ಪತ್ರೆಗಳು ಸಜ್ಜಾಗಿವೆ ಎಂದು ಅಧಿಕಾರಿಗಳು ಗಟ್ಟಿ ದನಿಯಲ್ಲಿ ಹೇಳಿದ್ದರು. ಆಮೇಲೆ ರೋಗಿಯನ್ನು ಮನೆಗೆ ಕಳಿಸಿದ್ದು ಗೊತ್ತಾಯಿತು, ನರ್ಸ್‌ಗಳಿಗೆ ತಗುಲಿತು. ಮಾತು ಹುಸಿಯಾದಾಗ ಜನ ವೈರಸ್ಸಿಗಿಂತ ಹೆಚ್ಚಾಗಿ ಹೇಳಿದವರನ್ನು ಅನುಮಾನಿಸಿದರು. ‘ಒಂದೆರಡು ಪ್ರಕರಣ ಬರಬಹುದು, ತಪ್ಪುಗಳೂ ಆಗಬಹುದು, ಆದರೆ ಇಂಥ ಕಾರಣಕ್ಕೆ ಅದು ಹಬ್ಬಲಾರದು’ ಎಂದು ಮೊದಲೇ ಹೇಳಿದ್ದರೆ ನಂಬಿಕೆ ಉಳಿಯುತ್ತಿತ್ತು ಎಂಬುದು ನನ್ನ ದೃಢವಾದ ಎಣಿಕೆ. ಏನೂ ಆಗುವುದಿಲ್ಲ ಎಂಬ ಭರವಸೆ ಒಂದೇ ಒಂದು ಪ್ರಕರಣಕ್ಕೆ ಒಡೆದುಹೋಗುವ ಮಡಕೆ.

ನಂಬಿಕೆ ಮುರಿದ ಕಡೆ ಗಾಳಿಮಾತು ಬಂದು ಕೂರುತ್ತದೆ. ನೈಜೀರಿಯಾದಲ್ಲಿ ಉಪ್ಪುನೀರು ಕುಡಿದರೆ ಎಬೋಲಾ ಬರದು ಎಂಬ ಸುದ್ದಿ ಹಬ್ಬಿತು. ಹಾಗೆ ಕುಡಿದು ಕನಿಷ್ಠ ಇಬ್ಬರು ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಸಿತು. ಅಮೆರಿಕದಲ್ಲಿ, ಸಿಯೆರಾ ಲಿಯೋನ್‌ನಲ್ಲಿ ರೋಗಿಗಳ ಸೇವೆ ಮಾಡಿ ಬಂದ ನರ್ಸ್ ಒಬ್ಬರಿಗೆ ಪರೀಕ್ಷೆಯಲ್ಲಿ ಸೋಂಕಿಲ್ಲವೆಂದು ಬಂದಮೇಲೂ ನ್ಯೂಜೆರ್ಸಿಯಲ್ಲಿ ಡೇರೆಯೊಳಗೆ ಕೂಡಿಟ್ಟರು. ಬೆಂಕಿ ಆರಿಸಲು ಹೋದವರನ್ನು ಊರ ಬಾಗಿಲಲ್ಲಿ ಹೀಗೆ ತಡೆದರೆ, ಮುಂದಿನ ಸಲ ಕೊಡ ಹಿಡಿದು ಹೋಗುವವರು ಯಾರು?

ನಮ್ಮ ದೇಶಕ್ಕೂ ಇದರ ಬಿಸಿ ತಟ್ಟಿತ್ತು. ಆಗ ಲೈಬೀರಿಯಾದಲ್ಲೇ ಸುಮಾರು 3,000 ಭಾರತೀಯರಿದ್ದರು. ಅಲ್ಲಿ ಎಬೋಲಾದಿಂದ ಗುಣವಾಗಿ ನವೆಂಬರಿನಲ್ಲಿ ದೆಹಲಿಗೆ ಬಂದಿಳಿದ ಯುವಕನೊಬ್ಬನ ರಕ್ತ ಶುದ್ಧವಾಗಿತ್ತು, ವೀರ್ಯದಲ್ಲಿ ಮಾತ್ರ ವೈರಸ್ಸಿನ ಕುರುಹಿತ್ತು. ವಿಮಾನ ನಿಲ್ದಾಣದ ಆರೋಗ್ಯ ಕೇಂದ್ರದಲ್ಲೇ ಆತನನ್ನು ಪ್ರತ್ಯೇಕವಾಗಿಟ್ಟರು. ರೋಗ ದಾಟುವ ದಾರಿ ತಿಳಿದು ತೆಗೆದುಕೊಂಡ ಎಚ್ಚರಿಕೆಗೂ ಖಂಡಕ್ಕೆ ಖಂಡವನ್ನೇ ದೂರವಿಡುವ ದಿಗಿಲಿಗೂ ಇರುವ ಅಂತರ ಇದು.

ಭಾರತವೇ ಆ ‘ದೂರದ ರೋಗದ ನಾಡು’ ಆಗಿದ್ದ ಕಾಲವನ್ನೂ ನೆನೆಯಬೇಕು. 1994ರ ಸೆಪ್ಟೆಂಬರಿನಲ್ಲಿ ಗುಜರಾತಿನ ಸೂರತ್‌ನಲ್ಲಿ ಪ್ಲೇಗ್ ಸುದ್ದಿ ಎದ್ದಾಗ ಲಕ್ಷಾಂತರ ಜನ ಊರು ಬಿಟ್ಟರು. ಸತ್ತವರು ಐವತ್ತರ ಆಸುಪಾಸು. ಆದರೆ ಹಲವು ದೇಶಗಳು ಭಾರತದ ವಿಮಾನಗಳನ್ನೇ ನಿಲ್ಲಿಸಿದವು, ಸರಕನ್ನೂ ತಡೆದವು. ಸೂರತ್‌ಗೂ ಬೆಂಗಳೂರಿಗೂ ಎಷ್ಟು ದೂರ ಎಂದು ಕೇಳುವ ವ್ಯವಧಾನ ಆಗ ಯಾರಿಗೂ ಇರಲಿಲ್ಲ. ದೂರದಿಂದ ನೋಡಿದವರಿಗೆ ನಾವೂ ಒಂದೇ ಅಂಕಣದ ಮನೆಯಾಗಿದ್ದೆವು.

ಇನ್ನು ನೈಜೀರಿಯಾದ ಮಾತು. 2014ರ ಜುಲೈ 20ರಂದು ಲೈಬೀರಿಯಾದಿಂದ ರೋಗಿಯೊಬ್ಬರು ಕೋಟಿಗೂ ಮೀರಿ ಜನರಿರುವ ಲಾಗೋಸ್ ನಗರಕ್ಕೆ ಬಂದಿಳಿದರು. ಅಲ್ಲಿನ ವೈದ್ಯೆ ಅಮೆಯೊ ಸ್ಟೆಲಾ ಅಡಡೆವೊ ಎಬೋಲಾ ಇರಬಹುದೆಂದು ಶಂಕಿಸಿ, ಬಿಟ್ಟುಬಿಡಿ ಎಂಬ ಒತ್ತಡಕ್ಕೆ ಮಣಿಯದೆ ಆ ರೋಗಿಯನ್ನು ಆಸ್ಪತ್ರೆಯಲ್ಲೇ ಉಳಿಸಿಕೊಂಡರು. ರೋಗ ಅವರಿಗೂ ತಗುಲಿತು. ಆಗಸ್ಟ್ 19ರಂದು ತೀರಿಕೊಂಡರು. ಪೋಲಿಯೋ ಕೆಲಸದಲ್ಲಿ ಪಳಗಿದ್ದ ತಂಡಗಳು ಸುಮಾರು 900 ಸಂಪರ್ಕಿತರನ್ನು ಹುಡುಕಿ, ಅವರ ಮನೆಗಳಿಗೆ 18,000ಕ್ಕೂ ಹೆಚ್ಚು ಸಲ ಹೋಗಿ ಜ್ವರ ನೋಡಿದವು. ಒಟ್ಟು 20 ಜನರಿಗೆ ತಗುಲಿ, ಎಂಟು ಸಾವಿಗೆ ರೋಗ ನಿಂತಿತು. ಆ ಅಕ್ಟೋಬರಿನಲ್ಲೇ ಟೆಕ್ಸಾಸ್‌ನ ಕಾಲೇಜೊಂದು ಎಬೋಲಾ ಇರುವ ದೇಶದವರೆಂಬ ಕಾರಣ ಕೊಟ್ಟು ನೈಜೀರಿಯಾದ ಅರ್ಜಿದಾರರಿಗೆ ಸೀಟು ಇಲ್ಲವೆಂದು ಪತ್ರ ಬರೆದಿದ್ದು ಸುದ್ದಿಯಾಯಿತು. ಅಕ್ಟೋಬರ್ 20ರಂದು ವಿಶ್ವ ಆರೋಗ್ಯ ಸಂಸ್ಥೆ ನೈಜೀರಿಯಾವನ್ನು ಎಬೋಲಾ ಮುಕ್ತವೆಂದು ಘೋಷಿಸಿತು.