ಬಾಗಿಲ ಕೀಲಿಕೈ ಎಲ್ಲಿದೆ?

ಮರಿಯಮ್ಮನಹಳ್ಳಿ ನಮ್ಮ ಓದುಗರಿಗೆ ಅಪರಿಚಿತವಾದ ಊರಲ್ಲ. ಇಂದು ವಿಜಯನಗರ ಜಿಲ್ಲೆಗೆ ಸೇರಿದ್ದರೂ 2021ರವರೆಗೆ ಅದು ಬಳ್ಳಾರಿ ಜಿಲ್ಲೆಯದೇ ಆಗಿತ್ತು. 2022ರ ಏಪ್ರಿಲ್ 8ರಂದು, ನಡುರಾತ್ರಿ ಕಳೆದ ವೇಳೆಯಲ್ಲಿ, ಅಲ್ಲಿನ ಮನೆಯೊಂದಕ್ಕೆ ಬೆಂಕಿ ಬಿದ್ದಿತು. ಹವಾನಿಯಂತ್ರಣ ಯಂತ್ರದಿಂದ ಅದು ಆರಂಭವಾಯಿತೆಂದು ವರದಿಯಾಯಿತು. ಮನೆಯ ಹಿರಿಯ ದಂಪತಿಗಳು ಹೊರಬಂದು ಉಳಿದರು. ತಂದೆ, ತಾಯಿ ಹಾಗೂ ಅವರ ಇಬ್ಬರು ಮಕ್ಕಳು ಹೊರಬರಲಾಗದೆ ಉಸಿರುಕಟ್ಟಿ ಮೃತಪಟ್ಟರು.

ಮೋಕದಲ್ಲಿ ಅಂತಹ ಯಂತ್ರವಿರುವ ಮನೆಗಳೆಷ್ಟು, ನಮಗೇಕೆ ಆ ಭಯ ಎನ್ನುವವರುಂಟು. ಆದರೆ ಆ ನಾಲ್ವರ ಪ್ರಾಣ ತೆಗೆದದ್ದು ಹೊಗೆ. ಸ್ಪಂಜಿನ ಹಾಸಿಗೆ, ಪ್ಲಾಸ್ಟಿಕ್ ಕುರ್ಚಿ, ನೈಲಾನ್ ಸೀರೆ ಇರುವ ಮನೆಗಳಲ್ಲೆಲ್ಲ ಆ ವಿಷದ ಹೊಗೆ ಹುಟ್ಟಬಲ್ಲುದು. ಒಳ್ಳೆಯ ಬೆಲೆ ಬರಲೆಂದು ಹತ್ತಿಯನ್ನು ಮನೆಯೊಳಗೇ ಒಟ್ಟಿ ಕಾಯುವ ರೈತ ಕುಟುಂಬಗಳು ನಮ್ಮಲ್ಲಿವೆ. ಒಂದು ಬೀಡಿಯ ಕಿಡಿ ಸಾಕು, ಹತ್ತಿಯ ರಾಶಿ ಮೇಲೆ ಏನೂ ಕಾಣದಂತೆ ಒಳಗೊಳಗೇ ಗಂಟೆಗಟ್ಟಲೆ ಕನಲುತ್ತದೆ. ಮಲಗಿದವರನ್ನು ಹೊಗೆ ಎಬ್ಬಿಸುವುದೂ ಇಲ್ಲ. ನಿದ್ರೆಯಲ್ಲಿಯೇ ಪ್ರಜ್ಞೆ ತಪ್ಪಿಸುತ್ತದೆ.

ನಮ್ಮ ಹಳೆಯ ಮಾಳಿಗೆ ಮನೆಗಳನ್ನು ನೆನೆದಾಗ ಮನಸ್ಸಿಗೆ ಕಳವಳವಾಗುತ್ತದೆ. ಗೋಡೆಗಳು ದಪ್ಪ, ಕಿಟಕಿಗಳು ಚಿಕ್ಕವು, ಅವಕ್ಕೂ ಕಬ್ಬಿಣದ ಸರಳುಗಳು. ಹೊರಬರಲು ಬಾಗಿಲು ಅನೇಕ ಕಡೆ ಒಂದೇ. ಕಳ್ಳರ ಭಯದಿಂದ ರಾತ್ರಿ ಆ ಬಾಗಿಲಿಗೆ ಒಳಗಿನಿಂದ ಬೀಗ ಬೀಳುತ್ತದೆ, ಕೀಲಿಕೈ ಮನೆಯ ಯಜಮಾನರ ದಿಂಬಿನಡಿ ಸೇರುತ್ತದೆ. ಹೊಗೆ ತುಂಬಿದ ಕತ್ತಲಲ್ಲಿ ಆ ದಿಂಬನ್ನು ಹುಡುಕುವವರಾರು? ಕೀಲಿಕೈಗೆ ಬಾಗಿಲ ಪಕ್ಕದಲ್ಲಿಯೇ, ಕಿಟಕಿಯಿಂದ ಕೈಗೆಟುಕದಂತೆ, ಮಕ್ಕಳಿಗೂ ಸಿಗುವ ಎತ್ತರದಲ್ಲಿ ಒಂದು ಮೊಳೆ ಹೊಡೆಯಿರಿ. ಹೊಸದಾಗಿ ಕಟ್ಟಿಸುವವರು ಮಲಗುವ ಕೋಣೆಯ ಒಂದು ಕಿಟಕಿಗಾದರೂ ಒಳಗಿನಿಂದ ತೆರೆಯುವ ಸರಳಿನ ಚೌಕಟ್ಟನ್ನು ಇಡಿಸಲಿ. ಮೇಸ್ತ್ರಿ ನಕ್ಕರೆ ನಗಲಿ.

ಸಂಜೆ ಜಪಸರ ಮುಗಿದು ಮನೆಮಂದಿಯೆಲ್ಲ ಒಂದೆಡೆ ಇರುವಾಗ, ತಿಂಗಳಿಗೊಮ್ಮೆ ದೀಪವಾರಿಸಿ ಎಲ್ಲರೂ ಬಾಗಿಲವರೆಗೆ ಹೋಗಿನೋಡಿ. ಹೊಗೆ ಮೇಲೇರುವುದರಿಂದ ಉಸಿರಾಡುವ ಗಾಳಿ ನೆಲದ ಬಳಿ ಉಳಿದಿರುತ್ತದೆ. ಆದುದರಿಂದ ಗೋಡೆ ಮುಟ್ಟಿಕೊಂಡು ಅಂಬೆಗಾಲಿಕ್ಕಬೇಕು. ಮಕ್ಕಳಿಗೆ ಇದು ಆಟ. ಹಾಸಿಗೆ ಹಿಡಿದ ಅಜ್ಜಿಯನ್ನು ಹೊರತರುವವರು ಯಾರು, ಕೂಸನ್ನು ಎತ್ತಿಕೊಳ್ಳುವವರು ಯಾರು ಎಂಬುದು ಅಂದೇ ನಿಶ್ಚಯವಾಗಲಿ. ಬೆಂಕಿ ಹತ್ತಿದ ಕೋಣೆಯ ಕದವನ್ನು ಎಳೆದು ಮುಚ್ಚಿದರೆ ಕೆಲವು ನಿಮಿಷ ಹೆಚ್ಚು ದೊರೆಯುತ್ತವೆ. ಹೊರಬಂದವರೆಲ್ಲ ಸೇರಲು ಬೀದಿಯ ಬೇವಿನ ಮರವನ್ನೋ ಎದುರು ಮನೆಯ ಕಟ್ಟೆಯನ್ನೋ ಗೊತ್ತುಮಾಡಿ, ಅಲ್ಲಿ ತಲೆ ಎಣಿಸಿ.

ಹೊರಬಂದವರು ಮತ್ತೆ ಒಳನುಗ್ಗುವುದೇ ದೊಡ್ಡ ಆಪತ್ತು. ಒಡವೆಗಾಗಿ, ಹೊಲದ ಕಾಗದಪತ್ರಗಳಿಗಾಗಿ ಜನ ಮರಳಿ ಹೋಗುತ್ತಾರೆ. ಪಹಣಿಯನ್ನು ಭೂಮಿ ಕೇಂದ್ರದಲ್ಲಿ ಮತ್ತೆ ಪಡೆಯಬಹುದು. ಜ್ಞಾನಸ್ನಾನದ ಹಾಗೂ ಮದುವೆಯ ದಾಖಲೆಗಳು ಧರ್ಮಕೇಂದ್ರದ ದಫ್ತರದಲ್ಲಿ ಇರುತ್ತವೆ. ಗುರುಗಳನ್ನು ಕೇಳಿದರೆ ಪ್ರತಿ ಬರೆದುಕೊಡುತ್ತಾರೆ. ದನಗಳ ವಿಷಯ ಕಷ್ಟದ್ದು, ನಾವೂ ಬಲ್ಲೆವು. ಒಂದೇ ಎಳೆತಕ್ಕೆ ಬಿಚ್ಚುವ ಗಂಟು ಹಾಕಿದ್ದರೆ ಹೊರಬರುವ ದಾರಿಯಲ್ಲಿಯೇ ಬಿಡಿಸಬಹುದು, ದನ ಕಟ್ಟುವ ಅಂಕಣ ಬಾಗಿಲ ಬಳಿ ಇದ್ದರೆ ಮಾತ್ರ.

101 ಅಥವಾ 112ಕ್ಕೆ ಕರೆಮಾಡುವುದು ಹೊರಗೆ ಬಂದ ಮೇಲೆ. ಬಳ್ಳಾರಿಯಿಂದ ಅಗ್ನಿಶಾಮಕ ವಾಹನ ಎಷ್ಟೇ ತ್ವರಿತವಾಗಿ ಹೊರಟರೂ, ಅದು ಮೋಕ ತಲಪುವಷ್ಟರಲ್ಲಿ ಒಳಗಿನವರ ಹಣೆಬರಹ ನಿರ್ಧಾರವಾಗಿರುತ್ತದೆ. ಮೈಮೇಲಿನ ಬಟ್ಟೆಗೆ ಬೆಂಕಿ ತಗುಲಿದರೆ ಓಡಬಾರದು, ನೆಲಕ್ಕೆ ಬಿದ್ದು ಉರುಳಬೇಕು. ನಮ್ಮ ಉಣ್ಣೆಯ ಕಂಬಳಿ ಸುತ್ತಿದರೆ ಜ್ವಾಲೆ ನಂದುತ್ತದೆ. ಸುಟ್ಟ ಗಾಯಕ್ಕೆ ಇಪ್ಪತ್ತು ನಿಮಿಷ ತಣ್ಣೀರು ಹರಿಸಬೇಕು. ಹಲ್ಲುಜ್ಜುವ ಪೇಸ್ಟು, ಶಾಯಿ ಕೂಡದು.

ಅಡಿಗೆಯ ಅನಿಲ ಗಾಳಿಗಿಂತ ಭಾರವಾದುದರಿಂದ ನೆಲದ ಮೇಲೆ ಹರಡುತ್ತದೆ. ವಾಸನೆ ಬಂದೊಡನೆ ವಿದ್ಯುತ್ ಸ್ವಿಚ್ಚನ್ನು ಹಾಕಲೂ ಬೇಡಿ, ಆರಿಸಲೂ ಬೇಡಿ. ರೆಗ್ಯುಲೇಟರ್ ಮುಚ್ಚಿ, ಬಾಗಿಲು ಕಿಟಕಿ ತೆರೆದು ಹೊರಬಂದು 1906ಕ್ಕೆ ತಿಳಿಸಿ. ಕಾದ ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಸುರಿಯದೆ ಒಲೆಯಾರಿಸಿ ಮುಚ್ಚಳ ಹಾಕಿ.

ಇನ್ನು ನಮ್ಮ ಮನೆಗಳ ಪೀಠದ ಮಾತು. ಮಾತೆಯ ಸ್ವರೂಪದ ಮುಂದೆ, ಪ್ಲಾಸ್ಟಿಕ್ ಹೂ ಹಾಗೂ ಜರಿಯ ಪರದೆಯ ನಡುವೆ ಮೇಣದಬತ್ತಿ ಹಚ್ಚಿಟ್ಟು ನಿದ್ರೆಗೆ ಜಾರುವುದು ಭಕ್ತಿಯೆನಿಸದು. ಕ್ರಿಸ್ಮಸ್ ಗೋದಲಿಯ ಒಣಹುಲ್ಲಿನಲ್ಲಿ ಹಾಯಿಸಿದ ಬಣ್ಣದ ದೀಪಗಳ ಸರವನ್ನೂ ಮಲಗುವ ಮುನ್ನ ಆರಿಸಬೇಕು. ಬತ್ತಿಗೆ ನೀರು ತುಂಬಿದ ತಟ್ಟೆಯ ನಡುವೆ ಸ್ಥಾನ ಕೊಡಿ.

1944ರ ಏಪ್ರಿಲ್ 14ರಂದು ಮುಂಬಯಿ ಬಂದರಿನ ಸ್ಫೋಟದಲ್ಲಿ ಮಡಿದ ಅಗ್ನಿಶಾಮಕ ಸಿಬ್ಬಂದಿಯ ಸ್ಮರಣೆಗಾಗಿ ಪ್ರತಿವರ್ಷ ಆ ದಿನದಿಂದ ಒಂದು ವಾರ ಅಗ್ನಿಶಾಮಕ ಸಪ್ತಾಹ ನಡೆಯುತ್ತದೆ. ಆ ವಾರದ ಭಾನುವಾರ ಬಲಿಪೂಜೆಯ ನಂತರ ಪ್ರಾತ್ಯಕ್ಷಿಕೆ ನೀಡುವಂತೆ ಗುರುಗಳ ಮೂಲಕ ಅವರನ್ನು ಕೋರಬಹುದು. ಅಷ್ಟರಲ್ಲಿ ಬೇಸಿಗೆಯ ಸೆಕೆಗೆ ಅರ್ಧ ಮನೆಮಂದಿ ಮಾಳಿಗೆಯ ಮೇಲೆ, ಅರ್ಧ ಕೆಳಗೆ ಮಲಗುವ ಕಾಲವೂ ಬಂದಿರುತ್ತದೆ. ಮೇಲಿರುವವರಿಗೆ ಇಳಿಯಲು ಮನೆಯ ಹೊರಗಿನಿಂದ ಒಂದು ಏಣಿ ಇದೆಯೇ ಎಂದು ಇಂದೇ ನೋಡಿಕೊಳ್ಳಿ.