ಎಲೆಯುದುರಿದ ಮರದ ಆಕಾರ

ಶೀತದೇಶದ ಓಕ್ ಮರವು ಚಳಿಗಾಲದಲ್ಲಿ ಎಲೆಗಳನ್ನೆಲ್ಲ ಕಳೆದುಕೊಂಡು ನಿಂತಿರುವ ಚಿತ್ರವನ್ನು ಇಂಗ್ಲಿಷ್ ವಾಚನ ಪುಸ್ತಕಗಳಲ್ಲಿ ಅನೇಕರು ಕಂಡಿರಬಹುದು. ಆ ಕುಲದ ಮರಗಳು ಹಿಮಾಲಯದಲ್ಲಿ ಬೆಳೆಯುವವೇ ಹೊರತು ನಮ್ಮ ನಾಡಿನ ಕಾಡುಗಳಲ್ಲಿ ತಾವಾಗಿ ಹುಟ್ಟುವದಿಲ್ಲ. ಆದರೂ ಬೋಳುಮರದ ರಚನೆಯನ್ನು ಅಭ್ಯಸಿಸಲಿಕ್ಕೆ ದೂರ ಹೋಗಬೇಕಾಗಿಲ್ಲ. ಮಾಘ ಫಾಲ್ಗುಣ ಮಾಸಗಳಲ್ಲಿ ಅಕ್ಕಿಆಲೂರಿನಿಂದ ಹಾನಗಲ್ಲನ್ನು ದಾಟಿ ಮುಂಡಗೋಡು, ಶಿರಸಿಗಳ ಕಡೆಗೆ ನಡೆದರೆ ಸಾಗವಾನಿ, ಮತ್ತಿ, ಬೂರುಗ, ಮುತ್ತುಗಗಳು ತಮ್ಮ ಎಲುಬುಗೂಡನ್ನು ತಾವೇ ತೋರಿಸುವವು. ಓಕ್ ಮರವು ಚಳಿಗೆ ಎಲೆಯುದುರಿಸುವದು. ನಮ್ಮ ಮರಗಳು ನೀರಿನ ಅಭಾವಕ್ಕೆ.

ಎಲೆಯು ಗಾಳಿಗೆ ಸುಮ್ಮನೆ ಕಿತ್ತುಹೋಗುವದಿಲ್ಲ. ತೊಟ್ಟಿನ ಬುಡದಲ್ಲಿ ತೆಳ್ಳನೆಯ ಪದರೊಂದು ಬಿಡಿಸಿಕೊಳ್ಳುವದು. ಗಾಯದ ಬಾಯಿಯನ್ನು ಮರವು ಬೆಂಡಿನಂತಹ ಪದಾರ್ಥದಿಂದ ಮುಚ್ಚುವದು. ಅಲ್ಲಿ ಉಳಿಯುವ ಗುರುತಿನಲ್ಲಿ ಚಿಕ್ಕ ಚುಕ್ಕೆಗಳು ಕಾಣುವವು. ಅವು ಎಲೆಗೆ ನೀರನ್ನೊಯ್ಯುತ್ತಿದ್ದ ನಾಳಗಳ ತುದಿಗಳು. ಗುರುತಿನ ಮೇಲ್ಗಡೆಯಲ್ಲಿಯೇ ಮುಂದಿನ ರೆಂಬೆಯ ಮೊಗ್ಗು ಕುಳಿತಿರುವದು. ಆದುದರಿಂದ ಎಲೆಗಳು ಇದ್ದ ಕ್ರಮದಲ್ಲಿಯೇ ಕೊಂಬೆಗಳೂ ಹುಟ್ಟತಕ್ಕವು.

ಸಾಗವಾನಿಯಲ್ಲಿ ಇದು ಚೆನ್ನಾಗಿ ತಿಳಿಯುವದು. ಅದರ ಎಲೆಗಳು ಇದಿರುಬದಿರಾಗಿ ಜೋಡಿಜೋಡಿಯಾಗಿರುವವು. ಒಂದು ಜೋಡಿ ಪೂರ್ವಪಶ್ಚಿಮವಾಗಿದ್ದರೆ ಅದರ ಮೇಲಿನದು ದಕ್ಷಿಣೋತ್ತರ. ಕಿರುರೆಂಬೆಯನ್ನು ಬೆರಳುಗಳಲ್ಲಿ ಹೊರಳಿಸಿದರೆ ನಾಲ್ಕು ಮೂಲೆಗಳು ಹತ್ತುವವು. ಎಳೆಯ ಮರವು ಕೆಲವು ವರ್ಷ ನೆಟ್ಟಗೆ ಏರುವದು. ಬಳಿಕ ಒಂದು ಮಳೆಗಾಲದಲ್ಲಿ ತುದಿಯ ಮೊಗ್ಗೇ ದೊಡ್ಡ ಹೂಗೊಂಚಲಾಗುವದು. ಹೂವಾದ ತುದಿಯು ಮತ್ತೆ ಬೆಳೆಯಲಾರದು. ಕೆಳಗಿನ ಮೊಗ್ಗಿನ ಜೋಡಿಯು ಆ ಕೆಲಸವನ್ನು ಕೈಕೊಳ್ಳುವದರಿಂದ ಮರವು ಕವಲೊಡೆಯುವದು. ತಡವಾಗಿ ಹೂಬಿಟ್ಟ ಮರದ ದಿಮ್ಮಿ ಉದ್ದವಾಗಿರುವದಕ್ಕೆ ಇದೇ ಕಾರಣ. ಬಡಗಿಗೆ ಬೇಕಾದ ತೊಲೆಯ ಅಳತೆಯು ಒಂದು ಹೂಗೊಂಚಲಿನಿಂದ ನಿರ್ಣಯವಾಗುವದು ವಿಚಿತ್ರವಲ್ಲವೆ!

ಬೂರುಗದ ರೀತಿ ಬೇರೆ. ಅದರ ಕಾಂಡವು ತಡೆತಡೆದು ಬೆಳೆಯುವದು. ಒಂದೊಂದು ಸಲವೂ ಸುತ್ತಲೂ ಕೊಂಬೆಗಳನ್ನು ಅಡ್ಡಲಾಗಿ ಚಾಚುವದು. ದೂರದಿಂದ ದೀಪಮಾಲೆಯ ಕಂಬದಂತೆ ಅಂತಸ್ತುಗಳು ಕಾಣುವವು. ಮುತ್ತುಗವು ಸೊಟ್ಟ ಗಿಡ. ಹೂವಿಲ್ಲದಿದ್ದರೆ ಅದನ್ನಾರೂ ನೋಡಲಿಕ್ಕಿಲ್ಲ. ಮತ್ತಿಯನ್ನು ಮೊಸಳೆಯ ಬೆನ್ನಿನಂತೆ ಸೀಳಿದ ಕಪ್ಪು ತೊಗಟೆಯಿಂದಲೇ ಗುರುತಿಸಬಹುದು. ಶಿರಸಿಯ ಕಡೆಯ ಸೊಪ್ಪಿನ ಬೆಟ್ಟಗಳಲ್ಲಿ ಅಡಿಕೆ ತೋಟಗಳಿಗಾಗಿ ಮತ್ತೆ ಮತ್ತೆ ಸವರಿದ ಮರವಾದರೆ ಕೊಂಬೆಗಳೇ ಇಲ್ಲದ ಕಂಬದಂತಿರುವದು. ಕಡಿದ ಕಡೆಗಳಲ್ಲಿ ಮಲಗಿದ್ದ ಮೊಗ್ಗುಗಳೆದ್ದು ಕುಚ್ಚುಕುಚ್ಚಾಗಿ ಚಿಗುರಿರುವವು.

ಇಂತಹ ಮರಗಳನ್ನು ಒಣಗಿದವೆಂದು ಬಗೆದು ಬೇಸಿಗೆಯಲ್ಲಿ ಕೊಡಲಿ ಹಾಕುವವರುಂಟು. ಎಲೆಗಳು ಹೋದೊಡನೆ ನೀರಿನ ವೆಚ್ಚವು ಬಹುಮಟ್ಟಿಗೆ ನಿಲ್ಲುವದು. ಬೇರುಗಳು ಆಳದಿಂದ ಎಳೆದ ನೀರು ಕಾಂಡದಲ್ಲಿ ತುಂಬಿಕೊಳ್ಳುವದು. ಮಳೆಯ ಹನಿಯಿಲ್ಲದೆ ಬೂರುಗ ಮುತ್ತುಗಗಳು ಕೆಂಪಾಗಿ ಅರಳುವದು ಈ ಸಂಗ್ರಹದ ಬಲದಿಂದ. ಹಿತ್ತಲಿನ ಮರದ ವಿಷಯದಲ್ಲಿ ಸಂದೇಹವಿದ್ದರೆ ಕಿರುರೆಂಬೆಯ ತೊಗಟೆಯನ್ನು ಉಗುರಿನಿಂದ ತುಸು ಕೆರೆದು ನೋಡಬೇಕು. ಒಳಗೆ ಹಸುರೂ ಪಸೆಯೂ ಇದ್ದರೆ ಜೀವವಿದೆ. ಕಂದಾಗಿ ಒಣಗಿದ್ದರೆ ಬೇರೆ ಎರಡು ಮೂರು ಕೊಂಬೆಗಳನ್ನೂ ಪರೀಕ್ಷಿಸಿ, ಮುಂಗಾರು ಬೀಳುವ ತನಕ ಕಾಯತಕ್ಕದ್ದು.