ಗುಡ್ಡ ಹತ್ತುವ ಮುನ್ನ ಹಳ್ಳದ ಲೆಕ್ಕ

ಧಾರವಾಡದಲ್ಲಿ ವರ್ಷವಿಡೀ ಬೀಳುವ ಮಳೆ ಹೆಚ್ಚುಕಡಿಮೆ 800 ಮಿಲಿಮೀಟರ್. ಅಲ್ಲಿಂದ ಪಶ್ಚಿಮಕ್ಕೆ ನೇರ ಗೆರೆ ಎಳೆದರೆ 75 ಕಿಲೋಮೀಟರಿನಲ್ಲಿ ಕ್ಯಾಸಲ್‌ರಾಕ್. ಅಲ್ಲಿಯ ಮಳೆ ಎಷ್ಟೋ ವರ್ಷ 5000 ಮಿಲಿಮೀಟರ್ ದಾಟುತ್ತದೆ. ಅರಬ್ಬಿ ಸಮುದ್ರದ ತೇವಗಾಳಿ ಘಟ್ಟಕ್ಕೆ ಬಡಿದು ಮೇಲೇರುತ್ತದೆ, ಏರಿದಂತೆ ತಣ್ಣಗಾಗುತ್ತದೆ, ಹೊತ್ತು ತಂದ ನೀರನ್ನು ಬಹುಪಾಲು ಅಲ್ಲೇ ಸುರಿದುಬಿಡುತ್ತದೆ. ನಮ್ಮ ಎರೆಹೊಲಗಳ ಕಡೆ ಬರುವ ಹೊತ್ತಿಗೆ ಅದರಲ್ಲಿ ಉಳಿದಿರುವುದು ಹೆಸರು, ಶೇಂಗಾಕ್ಕೆ ಸಾಕಾಗುವಷ್ಟು ಮಳೆ.

ಮಳೆಗಾಲ ಹಿಡಿಯಿತೆಂದರೆ ಹುಬ್ಬಳ್ಳಿ-ಧಾರವಾಡದ ಹುಡುಗ ಹುಡುಗಿಯರು ರವಿವಾರ ನಸುಕಿನಲ್ಲೇ ದಾಂಡೇಲಿ, ಜೋಯಿಡಾ, ಯಾಣ, ಕ್ಯಾಸಲ್‌ರಾಕ್ ಕಡೆ ಹೊರಡುತ್ತಾರೆ. ಹೋಗಲೇಬೇಕಾದ ಜಾಗಗಳವು. ಆದರೆ ಎರಡು ಮೂರು ತಾಸಿನ ಆ ದಾರಿಯಲ್ಲಿ ಸುತ್ತಲಿನ ನೆಲ ಪೂರ್ತಿ ಬದಲಾಗುತ್ತದೆ, ನೀರಿನ ಬಗೆಗೆ ನಾವು ಊರಿನಿಂದ ಕಟ್ಟಿಕೊಂಡು ಹೋದ ಅಂದಾಜು ಮಾತ್ರ ಬದಲಾಗುವುದಿಲ್ಲ. ಘಟ್ಟದಲ್ಲಿ ನಮ್ಮ ಕಡೆಯವರಿಗೆ ಎತ್ತರಕ್ಕಿಂತ ದೊಡ್ಡ ಅಪಾಯ ಇದು ಎಂಬುದು ನನ್ನ ಖಚಿತ ಅಭಿಪ್ರಾಯ.

ನಮಗೆ ಗೊತ್ತಿರುವ ಹಳ್ಳವೆಂದರೆ ಬೆಣ್ಣಿಹಳ್ಳ. ಅದು ಉಕ್ಕಿದರೆ ನವಲಗುಂದದ ಕಡೆ ಹೊಲ, ರಸ್ತೆ ಎಲ್ಲ ನೀರಾಗುತ್ತವೆ. ಆದರೂ ಮೇಲಿನ ಊರುಗಳಲ್ಲಿ ಮಳೆಯಾದ ಸುದ್ದಿ ಕೆಳಗಿನವರಿಗೆ ನೀರಿಗಿಂತ ಮೊದಲೇ ತಲುಪುವಷ್ಟು ಹೊತ್ತು ಅಲ್ಲಿ ಸಿಗುತ್ತದೆ. ಘಟ್ಟದ ಹಳ್ಳದಲ್ಲಿ ಆ ಹೊತ್ತು ಇಲ್ಲ. ಅದಕ್ಕೆ ನೀರು ಕೊಡುವ ನೆಲ ಚಿಕ್ಕದು, ಕಡಿದಾದದ್ದು. ಜುಲೈ ಹೊತ್ತಿಗೆ ಮಣ್ಣು ನೀರು ಕುಡಿದು ತಣಿದಿರುತ್ತದೆ. ಮೇಲಿನ ನೆತ್ತಿಯಲ್ಲಿ ಜೋರು ಮಳೆಯಾದರೆ, ಕೆಳಗೆ ಬುತ್ತಿ ಬಿಚ್ಚಿ ಕೂತವರ ತಲೆಯ ಮೇಲೆ ಒಂದು ಹನಿ ಬೀಳದಿದ್ದರೂ ಹಳ್ಳ ಏರುತ್ತದೆ. ತಿಳಿನೀರು ಕೆಂಪಗಾಗುವುದು, ಎಲೆ ಕಡ್ಡಿಗಳು ತೇಲಿ ಬರುವುದು, ಸದ್ದು ದಪ್ಪವಾಗುವುದು: ಇವುಗಳಲ್ಲಿ ಒಂದು ಕಂಡರೂ ಕೂಡಲೇ ಎದ್ದು ದಂಡೆಯ ಮೇಲಕ್ಕೆ ಹೋಗಬೇಕು.

ಹರಿಯುವ ನೀರು ಕಾಲನ್ನು ತಳ್ಳುವ ಬಲ ಅದರ ವೇಗದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ. ವೇಗ ಎರಡು ಪಟ್ಟಾದರೆ ತಳ್ಳುವ ಬಲ ನಾಲ್ಕು ಪಟ್ಟು, ಮೂರು ಪಟ್ಟಾದರೆ ಒಂಬತ್ತು ಪಟ್ಟು. ಇನ್ನೊಂದು ಕಡೆ ನೀರು ಮೈಯನ್ನು ಮೇಲಕ್ಕೆತ್ತುತ್ತದೆ: ಸೊಂಟಮಟ್ಟ ನಿಂತರೆ ಪಾದದ ಮೇಲಿನ ಭಾರ ಸುಮಾರು ಅರ್ಧಕ್ಕಿಳಿಯುತ್ತದೆ, ಪಾದ ಕಲ್ಲನ್ನು ಹಿಡಿದುಕೊಳ್ಳುವ ಘರ್ಷಣೆಯೂ ಅಷ್ಟೇ ಇಳಿಯುತ್ತದೆ. ತಳ್ಳುವುದು ಹೆಚ್ಚಿ ಹಿಡಿತ ಕಡಿಮೆಯಾಗುವ ಈ ಲೆಕ್ಕದಲ್ಲಿ ತೋಳ್ಬಲಕ್ಕೆ, ಈಜಿನ ಕಸುಬಿಗೆ ಬೆಲೆ ಕಡಿಮೆ. ಮೊಣಕಾಲು ಮುಟ್ಟುವ ನೀರು ಜೋರಾಗಿ ಹರಿಯುತ್ತಿದ್ದರೆ ದಾಟಬಾರದು. ಸಣ್ಣ ಹಳ್ಳಗಳು ಏರಿದಷ್ಟೇ ಬೇಗ ಇಳಿಯುವುದೂ ಉಂಟು. ಮಳೆ ನಿಂತ ಮೇಲೆ ಒಂದೆರಡು ತಾಸು ದಂಡೆಯಲ್ಲಿ ಕಾದವರು ಒಣ ಕಲ್ಲುಗಳ ಮೇಲೆ ಹೆಜ್ಜೆಯಿಟ್ಟು ಬಂದದ್ದಿದೆ. ದಾಟಲೇಬೇಕಾದ ಶಾಂತ ನೀರಿನಲ್ಲೂ ಬೂಟು ಕಳಚಬಾರದು, ಬೆನ್ನಚೀಲದ ಸೊಂಟಪಟ್ಟಿ ಬಿಚ್ಚಿರಬೇಕು. ಬಿದ್ದರೆ ಚೀಲ ಬಿಟ್ಟು ಏಳಲು ಬರಬೇಕು.

ಕಾಳಿ ನದಿಯ ದಂಡೆಗೆ ಇನ್ನೊಂದು ಮಾತು ಸೇರಿಸಬೇಕು. ಮೇಲೆ ಸೂಪಾ ಅಣೆಕಟ್ಟಿದೆ. ವಿದ್ಯುತ್ತಿಗಾಗಿ ನೀರು ಬಿಟ್ಟಾಗ ಬಿರುಬೇಸಿಗೆಯಲ್ಲೂ ಹೊಳೆ ಏರುತ್ತದೆ. ಗಣೇಶಗುಡಿಯ ರ್‍ಯಾಫ್ಟಿಂಗ್ ನಡೆಯುವುದೇ ಆ ನೀರಿನ ಮೇಲೆ. ಬಂಡೆಯ ಮೇಲೆ ಕೂತು ಕಾಲು ಇಳಿಬಿಡುವ ಮುಂಚೆ ಅಲ್ಲಿಯ ಊರವರನ್ನು ಕೇಳಬೇಕು.

2023ರ ಜುಲೈಯಲ್ಲಿ ದೂಧಸಾಗರ ಜಲಪಾತ ನೋಡಲು ಹೊರಟ ನೂರಾರು ಜನ ಹಳಿಯ ಮೇಲೆ ನಡೆದು ಹೋದರು. ರೈಲ್ವೆ ರಕ್ಷಣಾ ದಳ ಅವರನ್ನು ತಡೆಯಿತು. ಹುಬ್ಬಳ್ಳಿಯಲ್ಲೇ ಕೇಂದ್ರ ಕಚೇರಿಯಿರುವ ನೈರುತ್ಯ ರೈಲ್ವೆ, ಹಳಿಯ ಮೇಲೆ ನಡೆಯಬೇಡಿ, ರೈಲಿನೊಳಗಿಂದಲೇ ಜಲಪಾತ ನೋಡಿ ಎಂದು ಕೈಮುಗಿದು ಕೇಳಿಕೊಂಡಿತು. ಇದನ್ನು ಬರೀ ಕಾಯಿದೆಯ ಮಾತು ಎಂದುಕೊಂಡವರೇ ಬಹಳ. ಆದರೆ ಕಿವಿಯ ವಿಜ್ಞಾನವೂ ಅದರಲ್ಲಿದೆ. 300 ಮೀಟರಿಗೂ ಎತ್ತರದಿಂದ ಬೀಳುವ ನೀರಿನ ಮೊರೆತದಲ್ಲಿ ತಗ್ಗಿನಿಂದ ಹೆಚ್ಚಿನವರೆಗಿನ ಎಲ್ಲ ಸ್ವರಗಳೂ ಬೆರೆತಿರುತ್ತವೆ. ಹಿಂದಿನಿಂದ ಬರುವ ಎಂಜಿನ್ನಿನ ಸದ್ದು ಅದರಲ್ಲಿ ಮುಳುಗಿಹೋಗುತ್ತದೆ. ಕ್ಯಾಸಲ್‌ರಾಕ್‌ನಿಂದ ಇಳಿಯುವ ಆ ದಾರಿಯಲ್ಲಿ 37 ಮೀಟರಿಗೆ ಒಂದು ಮೀಟರ್ ಇಳಿಜಾರು, ತಿರುವಿಗೊಂದು ತಿರುವು, ನಡುನಡುವೆ ಸುರಂಗ. ಭಾರದ ಗೂಡ್ಸ್ ಗಾಡಿಯ ಚಾಲಕರಿಗೆ ಮನುಷ್ಯ ಕಂಡ ಮೇಲೆ ನಿಲ್ಲಿಸಲು ದೂರ ಉಳಿದಿರುವುದಿಲ್ಲ. ಆ ಚಾಲಕರ ಬಗ್ಗೆಯೂ ನಾವು ಯೋಚಿಸಬೇಕು.

ನೀರು ಇನ್ನೊಂದು ರೀತಿಯಲ್ಲೂ ಕಾಡುತ್ತದೆ. ತೊಯ್ದ ಬಟ್ಟೆಯಲ್ಲಿನ ಅರ್ಧ ಲೀಟರ್ ನೀರು ಆವಿಯಾಗಲು ಸುಮಾರು 290 ಕಿಲೋ ಕ್ಯಾಲೊರಿ ಶಾಖ ಬೇಕು. ಎರಡು ಮೂರು ಜೋಳದ ರೊಟ್ಟಿಯ ಶಕ್ತಿ ಅದು. ಗಾಳಿ ಬೀಸುವ ಬೋಳು ನೆತ್ತಿಯಲ್ಲಿ ಅದರ ದೊಡ್ಡ ಪಾಲು ಹೋಗುವುದು ನಮ್ಮ ಮೈಯಿಂದ. ಮೈಯೊಳಗಿನ ಬಿಸಿ 37 ಡಿಗ್ರಿಯಿಂದ 35ಕ್ಕಿಂತ ಕೆಳಗಿಳಿದರೆ ಮೊದಲು ಕೆಡುವುದರಲ್ಲಿ ವಿವೇಚನೆಯೂ ಒಂದು. ಮಾತು ತೊದಲುತ್ತದೆ, ಕಾಲು ಎಡವುತ್ತದೆ, ಜಿಪ್ ಎಳೆಯಲು ಬೆರಳು ಬಗ್ಗುವುದಿಲ್ಲ, ಆದರೂ ಆ ಮನುಷ್ಯ ‘ನನಗೇನೂ ಆಗಿಲ್ಲ’ ಎನ್ನುತ್ತಾನೆ. ಅವನ ಮಾತು ನಂಬದೆ ಗಾಳಿಯಿಂದ ಮರೆ ಮಾಡಬೇಕು, ಒದ್ದೆ ಬಟ್ಟೆ ತೆಗೆಸಿ ಒಣಗಿದ್ದು ಉಡಿಸಬೇಕು, ಎಚ್ಚರವಿದ್ದರೆ ಸಿಹಿಯಾದ ಬಿಸಿ ಪಾನೀಯ ಕುಡಿಸಬೇಕು. ಮದ್ಯ ಕೊಡಲೇಬಾರದು, ಅದು ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ ಒಳಗಿನ ಬಿಸಿಯನ್ನು ಹೊರಚೆಲ್ಲುತ್ತದೆ. ಒದ್ದೆ ಬಟ್ಟೆ ಹೀಗೆ ಮೈಯ ಬಿಸಿ ಕಸಿಯುವುದಕ್ಕೇ ಹತ್ತಿಯ ಅಂಗಿ ಬೇಡ ಎನ್ನುವುದು. ಹತ್ತಿ ನೀರನ್ನು ಬಿಗಿಯಾಗಿ ಹಿಡಿದಿಟ್ಟುಕೊಳ್ಳುತ್ತದೆ.

ಸಹ್ಯಾದ್ರಿಯಲ್ಲಿ ಮೈ ಹೀಗೆ ತಣ್ಣಗಾಗಿ ಸಾವಿನವರೆಗೆ ಹೋಗುವುದು ಅಪರೂಪ. ಹಿಮಾಲಯದಲ್ಲಿ ಹಾಗಲ್ಲ. 2024ರ ಜೂನ್ ಮೊದಲ ವಾರ ಉತ್ತರಾಖಂಡದ ಸಹಸ್ರತಾಲ್ ಚಾರಣದಲ್ಲಿ 22 ಜನರ ತಂಡವೊಂದು 4000 ಮೀಟರಿಗಿಂತ ಮೇಲೆ ಹಿಮಗಾಳಿಗೆ ಸಿಕ್ಕಿತು. ತಂಡದ ಬಹುತೇಕರು ಕರ್ನಾಟಕದವರು. 9 ಮಂದಿ ತೀರಿಕೊಂಡರು, 13 ಮಂದಿಯನ್ನು ರಕ್ಷಿಸಲಾಯಿತು. ಅವರಲ್ಲಿ ಅನುಭವಸ್ಥ ಚಾರಣಿಗರಿದ್ದರು. ಒಂದು ಕಿಲೋಮೀಟರ್ ಏರಿದರೆ ಸರಾಸರಿ ಆರೂವರೆ ಡಿಗ್ರಿ ಉಷ್ಣತೆ ಇಳಿಯುತ್ತದೆ, ಅದರ ಮೇಲೆ ಗಾಳಿ. 4000 ಮೀಟರಿನಲ್ಲಿ ಗಾಳಿಯ ಒತ್ತಡವೂ ಸಮುದ್ರಮಟ್ಟದ ಹತ್ತರಲ್ಲಿ ಆರು ಪಾಲಿನಷ್ಟೇ. ಪ್ರತಿ ಉಸಿರಿಗೂ ಆಮ್ಲಜನಕ ಅಷ್ಟು ಕಡಿಮೆ. ಅಂಥ ಕಡೆ ಬಿರುಗಾಳಿ ಎದ್ದರೆ ಅನುಭವ ಕೊಡುವ ರಕ್ಷಣೆಗೆ ಒಂದು ಮಿತಿ ಇದೆ.

ಹುಬ್ಬಳ್ಳಿಯ ನೃಪತುಂಗ ಬೆಟ್ಟವನ್ನು ದಿನಾ ಓಡಿ ಹತ್ತುವುದರಿಂದ ಎದೆ, ಕಾಲು ಗಟ್ಟಿಯಾಗುತ್ತವೆ, ಒಳ್ಳೆಯದು. ಆದರೆ ಎತ್ತರದ ಕಾಯಿಲೆಯಿಂದ ಅದು ಕಾಪಾಡುವುದಿಲ್ಲ. ಆ ಕಾಯಿಲೆ ಸಾಮಾನ್ಯವಾಗಿ ಶುರುವಾಗುವುದು 2500 ಮೀಟರಿನ ಮೇಲೆ, ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿಯೇ 2000ಕ್ಕಿಂತ ಕೆಳಗಿದೆ. ಆದ್ದರಿಂದ ನಮ್ಮ ಬೆಟ್ಟಗಳಲ್ಲಿ ಇದಕ್ಕೆ ತಾಲೀಮು ಸಾಧ್ಯವೇ ಇಲ್ಲ. 3000 ಮೀಟರ್ ದಾಟಿದ ಮೇಲೆ ಮಲಗುವ ಜಾಗವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಅದೇ ಎತ್ತರದಲ್ಲಿ ತಂಗಬೇಕು. ತಲೆನೋವು, ವಾಂತಿ ಇದ್ದಾಗ ಮೇಲೆ ಹೋಗಬಾರದು. ನಡೆಯುವಾಗ ತೂರಾಡಿದರೆ, ಕೂತಲ್ಲೇ ಏದುಸಿರು ಬಂದರೆ ರಾತ್ರಿಯಾದರೂ ಸರಿ, ಕೆಳಗಿಳಿಸಲೇಬೇಕು.

ಮಳೆ ಮುಗಿಯಿತು, ಇನ್ನು ನಿಶ್ಚಿಂತೆ ಎಂದು ಬೇಸಿಗೆಗೆ ಮುಂದೂಡುವವರಿಗೆ ಉತ್ತರ ಕನ್ನಡದ ಕಾಡಿನಲ್ಲಿ ಮಂಗನ ಕಾಯಿಲೆಯ ಎಚ್ಚರ ಬೇಕು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಾದ ಈ ವೈರಸ್ ಉಣ್ಣೆಗಳ ಕಡಿತದಿಂದ ಹರಡುತ್ತದೆ. ಅದರ ಕಾಲ ಹೆಚ್ಚಾಗಿ ಡಿಸೆಂಬರಿನಿಂದ ಮೇವರೆಗೆ, ಅಂದರೆ ದಾರಿ ಒಣಗಿ ನಡೆಯಲು ಹಿತವಾಗಿರುವ ಕಾಲವೇ. ತುಂಬುತೋಳಿನ ಅಂಗಿ, ಕಾಲುಚೀಲದೊಳಗೆ ಸೇರಿಸಿದ ಪ್ಯಾಂಟು, ತರಗೆಲೆಯ ಮೇಲೆ ಕೂಡದಿರುವುದು, ಮನೆಗೆ ಬಂದು ಬಿಸಿನೀರಿನ ಸ್ನಾನ ಮಾಡಿ ಮೈಯೆಲ್ಲ ನೋಡಿಕೊಳ್ಳುವುದು ಸಾಕಷ್ಟು ಕಾಯುತ್ತವೆ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಇಲಾಖೆಗೆ ಇಲ್ಲವೇ ಅರಣ್ಯದವರಿಗೆ ತಿಳಿಸಬೇಕು. ಬಂದ ಒಂದೆರಡು ವಾರದಲ್ಲಿ ಜ್ವರ ಕಾಣಿಸಿದರೆ ವೈದ್ಯರಿಗೆ ಕಾಡಿಗೆ ಹೋಗಿದ್ದನ್ನು ಮೊದಲು ಹೇಳಬೇಕು.

ಕಾಡಿಗೂ ನಮ್ಮಿಂದ ಪೆಟ್ಟು ಬೀಳುತ್ತದೆ. ತಿರುವು ದಾರಿ ಬಿಟ್ಟು ನೆಟ್ಟಗೆ ಇಳಿಯುವ ಪ್ರತಿ ಕಾಲೂ ಹುಲ್ಲಿನ ಬೇರು ಹರಿದು ಮಣ್ಣನ್ನು ಅದುಮುತ್ತದೆ. ಮುಂದಿನ ಮಳೆಯಲ್ಲಿ ನೀರು ಅಲ್ಲೇ ಕಾಲುವೆ ಕೊರೆಯುತ್ತದೆ. 2024ರ ಜನವರಿಯಲ್ಲಿ ಕುಮಾರಪರ್ವತದ ಮೇಲೆ ಜನ ಜಾತ್ರೆಯಂತೆ ಸೇರಿದ ಮೇಲೆ ಅರಣ್ಯ ಇಲಾಖೆ ಚಾರಣಗಳಿಗೆ ಆನ್‌ಲೈನ್ ನೋಂದಣಿ, ದಿನದ ಮಿತಿ ತಂದದ್ದು ಸರಿಯಾದ ಕ್ರಮ. ಕಾಳಿ ಹುಲಿ ಸಂರಕ್ಷಿತ ಪ್ರದೇಶದಲ್ಲಿಯಂತೂ ಅನುಮತಿಯಿಲ್ಲದ ಒಂದು ಹೆಜ್ಜೆಯೂ ತಪ್ಪು.

ಹೊರಡುವ ಹಿಂದಿನ ರಾತ್ರಿ ಮಾಡಬೇಕಾದ ಲೆಕ್ಕ ಹೊತ್ತಿನದು. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಕೊಟ್ಟ ಸೂತ್ರ ಇಂದಿಗೂ ಬಳಕೆಯಲ್ಲಿದೆ: 5 ಕಿಲೋಮೀಟರಿಗೆ ಒಂದು ತಾಸು, ಪ್ರತಿ 600 ಮೀಟರ್ ಏರಿಗೆ ಇನ್ನೊಂದು ತಾಸು. ಕೆಸರು, ಇಂಬಳ, ಹೊಸಬರ ಗುಂಪು ಇರುವ ನಮ್ಮ ಕಾಡಿಗೆ ಬಂದ ಉತ್ತರವನ್ನು ಇಮ್ಮಡಿ ಮಾಡಿಕೊಳ್ಳುವುದು ಒಳ್ಳೆಯದು. ಅದರಿಂದ ಹಿಂದಿರುಗುವ ಹೊತ್ತನ್ನು ಗೊತ್ತುಮಾಡಿ, ತುದಿ ಕಣ್ಣೆದುರಿಗಿದ್ದರೂ ಆ ಹೊತ್ತಿಗೆ ತಿರುಗಬೇಕು. ದಟ್ಟ ಮರಗಳ ಕೆಳಗೆ ಕತ್ತಲೆ ಸೂರ್ಯಾಸ್ತಕ್ಕೆ ಕಾಯುವುದಿಲ್ಲ. 112ಕ್ಕೆ ಮಾಡುವ ಕರೆ ಯಾವ ಕಂಪನಿಯ ಟವರಾದರೂ ಹಿಡಿದುಕೊಳ್ಳುತ್ತದೆ, ಆದರೆ ಜೋಯಿಡಾದ ಕಾಡಿನಲ್ಲಿ ಟವರೇ ಇಲ್ಲದ ಕಡೆ ಬಹಳ. ಅದಕ್ಕೆ ಎಲ್ಲಿಗೆ, ಯಾರ ಜೊತೆ, ಯಾವ ದಾರಿಯಲ್ಲಿ, ಎಷ್ಟು ಗಂಟೆಯೊಳಗೆ ಫೋನ್ ಬರದಿದ್ದರೆ ಯಾವ ಅರಣ್ಯ ಕಚೇರಿಗೆ, ಯಾವ ಠಾಣೆಗೆ ತಿಳಿಸಬೇಕು ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಮನೆಯವರ ಕೈಗೆ ಕೊಟ್ಟು ಹೊರಡಬೇಕು.